‘ಡೋಂಟ್ ವರಿ’ ಅಂದರೆ ಸಾಲದೇ?

ಪ್ರಶ್ನೆ: ನಾನು ಹಾಸನದ ಒಂದು ಆಸ್ಪತ್ರೆಯಲ್ಲಿ 6 ವರ್ಷದಿಂದ ನರ್ಸ್. ಇಂಗ್ಲೆಂಡಿಗೆ ಹೋಗುವ ಆಸೆ ಇದೆ, ಅದಕ್ಕೆ ಓಇಟಿ, ಅಂದರೆ ಆಸ್ಪತ್ರೆ ಕೆಲಸದವರ ಇಂಗ್ಲಿಷ್ ಪರೀಕ್ಷೆಗೆ ಓದುತ್ತಿದ್ದೇನೆ. ಸ್ಪೀಕಿಂಗ್‌ನಲ್ಲಿ ಒಬ್ಬರು ರೋಗಿಯ ಪಾತ್ರ ಮಾಡುತ್ತಾರೆ, ನಾವು ಏನು ಮಾತಾಡಬೇಕು ಅಂತ ಕೊಡುವ ಕಾರ್ಡಿನಲ್ಲಿ ‘ರೋಗಿಗೆ ಧೈರ್ಯ ಹೇಳಿ’ ಅಂತ ಇದ್ದಾಗಲೆಲ್ಲ ನನ್ನ ಬಾಯಿಗೆ ಬರುವುದು ‘ಡೋಂಟ್ ವರಿ’ ಒಂದೇ. ಬೇರೆ ಏನಾದರೂ ಹೇಳೋಣ ಅಂತ ಒಂದು ಸಲ ‘ನೆವರ್ ಮೈಂಡ್’ ಅಂದೆ. ಕೋಚಿಂಗ್ ಮೇಡಂ ತಲೆ ಮೇಲೆ ಕೈ ಇಟ್ಟುಕೊಂಡರು. ನೋ ವರೀಸ್, ನಾಟ್ ಟು ವರಿ, ಇಟ್ಸ್ ಓಕೆ, ನೋ ಪ್ರಾಬ್ಲಮ್, ಎಲ್ಲದರ ಅರ್ಥ ಒಂದೇ ಅಲ್ವಾ? ಯಾವುದನ್ನು ಎಲ್ಲಿ ಹೇಳಬೇಕು? ಇನ್ನೊಂದು, ರೋಗಿಗೆ ‘ಸಾರಿ’ ಅನ್ನಬಹುದಾ?

ಉತ್ತರ: ‘ನೆವರ್ ಮೈಂಡ್’ ಅಂದದ್ದು ಯಾವ ಮಾತಿಗೆ ಅಂತ ನೀವು ಬರೆದಿಲ್ಲ. ಆದರೂ ಊಹಿಸಬಲ್ಲೆ. ರೋಗಿಯ ಪಾತ್ರದಲ್ಲಿದ್ದವರು ‘ನಾಳೆ ಆಪರೇಷನ್, ತುಂಬ ಭಯ ಆಗ್ತಿದೆ’ ಅಂದಿರುತ್ತಾರೆ. ನೀವು ಒಳ್ಳೆ ಮನಸ್ಸಿನಿಂದಲೇ ‘ನೆವರ್ ಮೈಂಡ್’ ಅಂದಿರುತ್ತೀರಿ. ಈಗ ಅದನ್ನೇ ಕನ್ನಡದಲ್ಲಿ ಕೇಳಿನೋಡಿ.

‘ಭಯ ಆಗ್ತಿದೆ ಸಿಸ್ಟರ್.’

‘ಹೋಗ್ಲಿ ಬಿಡಿ.’

ಮೇಡಂ ಕಿವಿಗೆ ಹೆಚ್ಚುಕಡಿಮೆ ಹೀಗೇ ಕೇಳಿಸಿದೆ.

ನನಗೆ ಇದರಲ್ಲಿ ಅನುಮಾನ ಇರುವುದು ನಮ್ಮ ‘ಪರವಾಗಿಲ್ಲ’ದ ಮೇಲೆ. ಬಸ್ಸಿನಲ್ಲಿ ಯಾರೋ ಕಾಲು ತುಳಿದು ಸಾರಿ ಅಂದರೆ ಪರವಾಗಿಲ್ಲ. ನೆಂಟರು ಕಾಫಿ ಚೆಲ್ಲಿದರೆ ಪರವಾಗಿಲ್ಲ. ಸಿನಿಮಾ ಹೇಗಿತ್ತು? ಪರವಾಗಿಲ್ಲ. ಅಜ್ಜಿಗೆ ಜ್ವರ ಹೇಗಿದೆ? ಈಗ ಪರವಾಗಿಲ್ಲ. ಇನ್ನೊಂದು ದೋಸೆ ಹಾಕಲಾ? ಪರವಾಗಿಲ್ಲ, ಸಾಕು. ಒಂದೇ ಮಾತಿನಲ್ಲಿ ದಿನ ಕಳೆದುಬಿಡಬಹುದು. ತಮಾಷೆ ಅಂದರೆ ಈ ‘ಪರವಾ’ ಪಾರಸಿಯಿಂದ ಬಂದ ಪದ. ಚಿಂತೆ, ಕಾಳಜಿ ಅಂತ ಅರ್ಥ. ತಮಿಳರ ‘ಪರವಾಯಿಲ್ಲೈ’, ತೆಲುಗರ ‘ಪರವಾಲೇದು’ ಕೂಡ ಇದೇ ಬಳಗದವು. ಅಂದರೆ ಪದ ಬಿಡಿಸಿ ನೋಡಿದರೆ ‘ಪರವಾಗಿಲ್ಲ’ ಮತ್ತು ‘ನೋ ವರೀಸ್’ ಎರಡೂ ಒಂದೇ. ಆದರೆ ಪದ ಬಿಡಿಸಿ ಯಾರೂ ಮಾತಾಡುವುದಿಲ್ಲವಲ್ಲ.

ಆದ್ದರಿಂದ ಇಂಗ್ಲಿಷ್ ಹುಡುಕುವ ಮುಂಚೆ ಒಂದು ಕೆಲಸ ಮಾಡಿ. ಇದೇ ರೋಗಿ ನಮ್ಮ ಊರಿನವರೇ ಆಗಿದ್ದರೆ, ‘ಪರವಾಗಿಲ್ಲ’ ಅನ್ನೋದನ್ನು ಬಿಟ್ಟು ಇನ್ನೇನು ಹೇಳುತ್ತಿದ್ದೆ ಅಂತ ಕೇಳಿಕೊಳ್ಳಿ. ‘ಇರಲಿ ಬಿಡಿ’ ಅನ್ನುತ್ತಿದ್ದಿರಾ? ‘ಏನೂ ಆಗಲ್ಲ’ ಅನ್ನುತ್ತಿದ್ದಿರಾ? ಅಥವಾ ‘ನಾವಿದ್ದೀವಲ್ಲ’ ಅನ್ನುತ್ತಿದ್ದಿರಾ? ಈ ಮೂರನ್ನು ನೀವು ಕನ್ನಡದಲ್ಲಿ ಒಂದು ದಿನವೂ ಅದಲುಬದಲು ಮಾಡಿಲ್ಲ. ಆಪರೇಷನ್ನಿಗೆ ಹೆದರಿದವರಿಗೆ ‘ಇರಲಿ ಬಿಡಿ’ ಅಂದಿಲ್ಲ, ಕಾಫಿ ಚೆಲ್ಲಿದವರಿಗೆ ‘ನಾವಿದ್ದೀವಲ್ಲ’ ಅಂದಿಲ್ಲ. ಆ ವಿವೇಕ ಇಂಗ್ಲಿಷಿಗೂ ಸಾಕು. ‘ಡೋಂಟ್ ವರಿ’ ಮಾತ್ರ ಮೂರೂ ಕಡೆ ನುಗ್ಗುತ್ತದೆ. ಅದಕ್ಕೇ ಅದು ಎಲ್ಲರ ಬಾಯಿಗೂ ಮೊದಲು ಬರುತ್ತದೆ.

‘ಇರಲಿ ಬಿಡಿ’ ಅನ್ನುವುದು ಆಗಿಹೋದದ್ದಕ್ಕೆ. ಎದುರಿನವರು ಏನೋ ಮಾಡಿದ್ದಾರೆ, ಸಂಕೋಚಪಡುತ್ತಿದ್ದಾರೆ, ನೀವು ಆ ಸಂಕೋಚ ಇಳಿಸುತ್ತೀರಿ. ನೀವು ಪಟ್ಟಿ ಮಾಡಿದ ಮಾತುಗಳೆಲ್ಲ ಮುಖ್ಯವಾಗಿ ಈ ಕಡೆಯವು. ನೋ ವರೀಸ್, ನೋ ಪ್ರಾಬ್ಲಮ್, ಇಟ್ಸ್ ಓಕೆ, ದಟ್ಸ್ ಆಲ್ ರೈಟ್, ನೆವರ್ ಮೈಂಡ್. ‘ನಾಟ್ ಟು ವರಿ’ ಕೂಡ ಹೆಚ್ಚಾಗಿ ಇಲ್ಲಿಯದೇ. ಅದು ಬ್ರಿಟಿಷರ ಮಾತು. ಬಸ್ ತಪ್ಪಿತು, ಫಾರಂ ತರಲು ಮರೆತರು, ‘ನಾಟ್ ಟು ವರಿ, ಇನ್ನೊಂದು ಬರುತ್ತೆ.’ ಸಣ್ಣ ಎಡವಟ್ಟಿಗೆ ಸರಿ. ಬಯಾಪ್ಸಿ ರಿಪೋರ್ಟ್ ಕಾಯುತ್ತಾ ಕೂತವರಿಗೆ ಅದನ್ನು ಹೇಳಿದರೆ ತೀರಾ ಹಗುರ ಆಗಿಬಿಡುತ್ತದೆ.

‘ನೋ ವರೀಸ್’ ಆಸ್ಟ್ರೇಲಿಯಾದ ಹುಡುಗ. 1960ರ ದಶಕದಿಂದ ಅಲ್ಲಿ ಬರವಣಿಗೆಯಲ್ಲಿ ಕಾಣಿಸುತ್ತದೆ, ಆಮೇಲೆ ಊರೂರು ಸುತ್ತಿ ಈಗ ಬ್ರಿಟನ್ನಿನಲ್ಲೂ ಮನೆಮಗ. ಜೊತೆಯ ನರ್ಸ್ ಶಿಫ್ಟ್ ಬದಲಿಸಿಕೊಳ್ಳಬಹುದಾ ಅಂತ ಕೇಳಿದರೆ ‘ನೋ ವರೀಸ್’ ಚೆನ್ನಾಗಿರುತ್ತದೆ. 85 ವರ್ಷದ ಅಜ್ಜಿ ಹಾಸಿಗೆಯಲ್ಲೇ ವಾಂತಿ ಮಾಡಿಕೊಂಡು ‘ಐ ಆಮ್ ಸೋ ಸಾರಿ’ ಅನ್ನುತ್ತಾ ಕಣ್ಣೀರು ಹಾಕುತ್ತಿದ್ದರೆ ನಾನು ಅದನ್ನು ಹೇಳುವುದಿಲ್ಲ. ತಪ್ಪೇನೂ ಅಲ್ಲ, ಆದರೆ ಆ ಹೊತ್ತಿಗೆ ಸ್ವಲ್ಪ ಜಾಸ್ತಿ ಸಲೀಸು. ‘ದಟ್ಸ್ ಆಲ್ ರೈಟ್. ಪ್ಲೀಸ್ ಡೋಂಟ್ ಅಪಾಲಜೈಸ್. ಲೆಟ್ಸ್ ಗೆಟ್ ಯು ಕ್ಲೀನ್ಡ್ ಅಪ್.’ ಇಷ್ಟು ಸಾಕು. ಮೊದಲ ಎರಡು ಮಾತು ಸಂಕೋಚ ಇಳಿಸುತ್ತವೆ, ಮೂರನೆಯದು ಕೆಲಸಕ್ಕೆ ಕೈ ಹಾಕುತ್ತದೆ.

ಇನ್ನು ‘ನೆವರ್ ಮೈಂಡ್’. ಇಲ್ಲಿ ‘ಮೈಂಡ್’ ಅಂದರೆ ಮನಸ್ಸಲ್ಲ, ಗಮನ ಕೊಡು ಅಂತ. ಲಂಡನ್ನಿನ ಸುರಂಗ ರೈಲಿನಲ್ಲಿ ‘ಮೈಂಡ್ ದ ಗ್ಯಾಪ್’ ಅಂತ ಕೂಗುತ್ತಾರಲ್ಲ, ಪ್ಲಾಟ್‌ಫಾರಂ ಮತ್ತು ರೈಲಿನ ನಡುವಿನ ಸಂದಿಯ ಮೇಲೆ ಗಮನ ಇರಲಿ ಅಂತ, ಅದೇ ಮೈಂಡ್. ಹಾಗಾದರೆ ‘ನೆವರ್ ಮೈಂಡ್’ ಅಂದರೆ ಅದನ್ನು ಲೆಕ್ಕಕ್ಕೇ ತಗೋಬೇಡ. ಐಸ್‌ಕ್ರೀಮ್ ಬೀಳಿಸಿಕೊಂಡ ಮಗುವಿಗೆ ಹೇಳಿದರೆ ಅಕ್ಕರೆ. ಭಯ ಹೇಳಿಕೊಂಡವರಿಗೆ ಹೇಳಿದರೆ ‘ನಿನ್ನ ಭಯ ಲೆಕ್ಕಕ್ಕಿಲ್ಲ’ ಅಂದ ಹಾಗೆ. ಇದಕ್ಕೆ ಇನ್ನೊಂದು ಕಹಿ ಬಳಕೆಯೂ ಇದೆ. ಕಿವಿ ಮಂದವಾದವರು ‘ಏನಂದ್ರಿ?’ ಅಂತ ಎರಡನೇ ಸಲ ಕೇಳಿದಾಗ ಕೆಲವರು ‘ಓ, ನೆವರ್ ಮೈಂಡ್’ ಅಂದುಬಿಡುತ್ತಾರೆ. ನಿನಗೆ ಹೇಳುವಷ್ಟು ತಾಳ್ಮೆ ನನಗಿಲ್ಲ ಅಂದ ಹಾಗಾಯಿತು. ಕೇಳಿಸದವರಿಗೆ ಈ ಮಾತು ಎಷ್ಟು ಚುಚ್ಚುತ್ತದೆ ಅನ್ನೋದನ್ನು ಅವರನ್ನೇ ಕೇಳಬೇಕು. ವಾರ್ಡಿನಲ್ಲಿ ವಯಸ್ಸಾದವರೇ ಜಾಸ್ತಿ ಇರುತ್ತಾರೆ, ಅದಕ್ಕೇ ಈ ಮಾತನ್ನು ಬೀಗ ಹಾಕಿ ಇಡಿ.

‘ಇಟ್ಸ್ ಓಕೆ’ ಪೂರ್ತಿ ದನಿಯ ಮೇಲೆ ನಿಂತಿದೆ. ಈ ಓಕೆ 1839ರಲ್ಲಿ ಅಮೆರಿಕದ ಬಾಸ್ಟನ್ನಿನ ಒಂದು ಪತ್ರಿಕೆಯಲ್ಲಿ ತಮಾಷೆಗೆ ಹುಟ್ಟಿದ್ದು. ‘ಆಲ್ ಕರೆಕ್ಟ್’ ಅನ್ನೋದನ್ನು ಬೇಕಂತಲೇ ತಪ್ಪು ಸ್ಪೆಲಿಂಗ್‌ನಲ್ಲಿ ಬರೆದು ಅದರ ಮೊದಲ ಅಕ್ಷರಗಳನ್ನು ತೆಗೆದುಕೊಂಡರು. ತಮಾಷೆಗೆ ಹುಟ್ಟಿದ ಪದ ಈಗ ಅಳುವವರ ಬೆನ್ನು ಸವರುತ್ತದೆ. ಮೆಲ್ಲಗೆ ಎಳೆದು ಹೇಳಿದರೆ ಸಮಾಧಾನ. ಚುಟುಕಾಗಿ ‘ಇಟ್ಸ್ ಫೈನ್’ ಅಂದರೆ ಸಿಟ್ಟು ಬಂದಿದೆ, ತೋರಿಸುತ್ತಿಲ್ಲ ಅಂತ.

ಈಗ ನಿಮ್ಮ ಕಾರ್ಡುಗಳ ನಿಜವಾದ ಜಾಗಕ್ಕೆ ಬರೋಣ. ಅಲ್ಲಿ ರೋಗಿಯ ಭಯ ಬಹುತೇಕ ಮುಂದಿನದರ ಬಗ್ಗೆ ಇರುತ್ತದೆ. ಅಂದರೆ ‘ಏನೂ ಆಗಲ್ಲ’ದ ಜಾಗ. ಇಲ್ಲಿ ‘ಡೋಂಟ್ ವರಿ’ ತಪ್ಪಲ್ಲ. ಒಂಟಿಯಾಗಿ ಬಂದರೆ ಸೊರಗುತ್ತದೆ, ಅಷ್ಟೇ.

ಒಂದು ಸಲ ನಾನೇ ಸ್ಕ್ಯಾನ್ ಮಾಡಿಸಲು ಹೋಗಿದ್ದೆ. ಮಾಮೂಲಿ ತಪಾಸಣೆ, ಕೈಯಲ್ಲಿ ಪುಸ್ತಕ ಹಿಡಿದುಕೊಂಡು ಆರಾಮಾಗಿ ಕೂತಿದ್ದೆ. ಒಳಗೆ ಕರೆದ ಹುಡುಗ ಫೈಲು ನೋಡಿ, ನನ್ನ ಮುಖ ನೋಡಿ, ‘ಡೋಂಟ್ ವರಿ ಮೇಡಂ’ ಅಂದ. ಅಲ್ಲಿಂದ ಶುರುವಾಯಿತು ನೋಡಿ ನನಗೆ. ಯಾಕೆ ಹಾಗಂದ? ಫೈಲಿನಲ್ಲಿ ಏನಿದೆ? ಅವನು ಎಲ್ಲರಿಗೂ ಹಾಗೇ ಹೇಳುತ್ತಾನೆ ಅಂತ ಆಮೇಲೆ ಗೊತ್ತಾಯಿತು. ಇಲ್ಲದ ಚಿಂತೆಯನ್ನು ಬೇಡ ಅಂದರೆ ಅದು ಬಂದು ಕೂರುತ್ತದೆ. ಇರುವ ಚಿಂತೆಯನ್ನು ಬೇಡ ಅಂದರೆ ಅದು ಬಾಯಿ ಮುಚ್ಚಿಕೊಳ್ಳುತ್ತದೆಯೇ ಹೊರತು ಹೋಗುವುದಿಲ್ಲ.

‘ವರಿ’ ಅಷ್ಟು ಸಾಧು ಪದವೂ ಅಲ್ಲ. ಹಳೆಯ ಇಂಗ್ಲಿಷಿನಲ್ಲಿ ಇದರ ಮೂಲಕ್ಕೆ ಕತ್ತು ಹಿಸುಕು ಅಂತ ಅರ್ಥ ಇತ್ತು. ತೋಳ ಕುರಿಯ ಕತ್ತು ಹಿಡಿದು ಅಲುಗಾಡಿಸುವುದೂ ‘ವರಿ’ಯೇ. ಇಂಗ್ಲೆಂಡಿನಲ್ಲಿ ಇಂದಿಗೂ ದನ-ಕುರಿಗಳ ಮೇಲೆ ಬೀಳುವ ನಾಯಿಯ ಬಗ್ಗೆ ಒಂದು ಕಾನೂನಿದೆ, 1953ರದ್ದು. ಅದರಲ್ಲಿ ನಾಯಿ ಮಾಡುವ ಅಪರಾಧದ ಹೆಸರು ‘ವರಿಯಿಂಗ್’. ನಮ್ಮಲ್ಲಿ ಚಿಂತೆ ಕೊರೆಯುತ್ತದೆ, ಕಿತ್ತು ತಿನ್ನುತ್ತದೆ. ಅವರಲ್ಲಿ ಕತ್ತು ಹಿಡಿಯುತ್ತದೆ. ಕತ್ತು ಹಿಡಿದ ನಾಯಿಗೆ ‘ಬೇಡ’ ಅಂದರೆ ಬಿಡುತ್ತಾ? ಕೈ ಹಾಕಿ ಬಿಡಿಸಬೇಕು.

ಬಿಡಿಸುವುದಕ್ಕೆ ಇಂಗ್ಲಿಷಿನಲ್ಲಿ ಮೂರು ಮಾತು ಚೆನ್ನಾಗಿ ಬರುತ್ತವೆ. ನಮ್ಮವರು ಎಡವುವುದೂ ಅಲ್ಲೇ.

ಮೊದಲನೆಯದು ‘ಟ್ರೈ ನಾಟ್ ಟು ವರಿ’. ಚಿಂತೆ ಮಾಡದೇ ಇರಲು ಪ್ರಯತ್ನಪಡಿ ಅಂತ. ಕನ್ನಡದಲ್ಲಿ ಹೀಗೆ ಹೇಳಿದರೆ ಕೃತಕ. ಇಂಗ್ಲಿಷಿನಲ್ಲಿ ಇದು ‘ಡೋಂಟ್ ವರಿ’ಗಿಂತ ಮೆತ್ತಗೆ, ಯಾಕೆಂದರೆ ಚಿಂತೆ ಬಿಡುವುದು ಸುಲಭ ಅಲ್ಲ ಅಂತ ಇದು ಒಪ್ಪಿಕೊಂಡಿದೆ.

ಎರಡನೆಯದು ‘ಐ ವುಡಂಟ್ ವರಿ’. ಇದನ್ನು ಕೇಳಿದ ನನ್ನ ವಿದ್ಯಾರ್ಥಿಯೊಬ್ಬಳಿಗೆ ಸಿಟ್ಟು ಬಂದಿತ್ತು. ‘ನನಗೇನೂ ಚಿಂತೆ ಇಲ್ಲಪ್ಪ’ ಅಂತ ಡಾಕ್ಟರ್ ಕೈತೊಳೆದುಕೊಂಡರು ಅಂತ ಅವಳ ಅರ್ಥ. ನಿಜವಾಗಿ ಅದು ‘ನಿಮ್ಮ ಜಾಗದಲ್ಲಿ ನಾನಿದ್ದರೆ ಚಿಂತೆ ಮಾಡುತ್ತಿರಲಿಲ್ಲ’ ಅನ್ನುವುದರ ಮೊಟಕು ರೂಪ. ‘ಇಫ್ ಐ ವರ್ ಯು’ ನುಂಗಿಹೋಗಿದೆ. ‘ಐ ವುಡಂಟ್ ವರಿ ಅಬೌಟ್ ದಟ್ ಬ್ರೂಸ್’ ಅಂದರೆ ರಕ್ತ ತೆಗೆದ ಜಾಗ ಕಂದಿದೆ, ಅದೇನೂ ದೊಡ್ಡದಲ್ಲ ಅಂತ. ತಿಳಿದವರು ತಿಳಿಯದವರ ಪಕ್ಕ ಬಂದು ಕೂತು ಹೇಳುವ ಮಾತು ಇದು. ಬ್ರಿಟನ್ನಿನಲ್ಲಿ ನೀವು ದಿನಾ ಕೇಳುತ್ತೀರಿ.

ಮೂರನೆಯದು ‘ಶುಡ್’. ನಾವು ಶಾಲೆಯಲ್ಲಿ ‘ಶುಡ್’ ಅಂದರೆ ‘ಬೇಕು’ ಅಂತ ಉರು ಹೊಡೆದಿದ್ದೇವೆ. ‘ಯು ಶುಡ್ ಬಿ ಫೈನ್’ ಅಂದರೆ ‘ನೀವು ಚೆನ್ನಾಗಿರಲೇಬೇಕು’ ಅಂತ ಆಜ್ಞೆಯಾ? ಅಲ್ಲ. ಬಹುಮಟ್ಟಿಗೆ ಚೆನ್ನಾಗೇ ಇರುತ್ತೀರಿ ಅಂತ. ‘ದ ಸ್ವೆಲ್ಲಿಂಗ್ ಶುಡ್ ಗೋ ಡೌನ್ ಇನ್ ಎ ಡೇ ಆರ್ ಟು’, ಊತ ಒಂದೆರಡು ದಿನದಲ್ಲಿ ಇಳಿಯಬಹುದು, ಇಳಿಯುವುದೇ ಮಾಮೂಲು. ‘ವಿಲ್’ ಅಂದರೆ ಮಾತು ಕೊಟ್ಟ ಹಾಗೆ. ‘ಮೇ’ ಅಂದರೆ ರೋಗಿಗೆ ಇನ್ನೂ ಭಯ. ‘ಶುಡ್’ ಇವೆರಡರ ನಡುವೆ ನಿಂತು ಧೈರ್ಯವನ್ನೂ ಕೊಡುತ್ತದೆ, ಸುಳ್ಳನ್ನೂ ಹೇಳಿಸುವುದಿಲ್ಲ. ನರ್ಸ್‌ಗೆ ಇದಕ್ಕಿಂತ ಒಳ್ಳೆ ಕ್ರಿಯಾಪದ ಇಂಗ್ಲಿಷಿನಲ್ಲಿ ಸಿಗುವುದು ಕಷ್ಟ.

ಇದೇ ಕಾರಣಕ್ಕೆ ‘ದೇರ್ ಈಸ್ ನಥಿಂಗ್ ಟು ವರಿ ಅಬೌಟ್’ ಅನ್ನುವ ಮೊದಲು ಯೋಚಿಸಿ. ಅದು ಸಮಾಧಾನದ ಮಾತಿನ ವೇಷದಲ್ಲಿರುವ ಹೇಳಿಕೆ. ಚಿಂತೆ ಮಾಡುವಂಥದ್ದು ಏನೂ ಇಲ್ಲ ಅಂತ ನಿಮಗೆ ಗೊತ್ತಿದ್ದರೆ, ರಿಪೋರ್ಟ್ ಬಂದಿದ್ದರೆ, ಧಾರಾಳವಾಗಿ ಹೇಳಿ. ರಿಪೋರ್ಟ್ ಬರುವ ಮುಂಚೆ ಹೇಳಿದರೆ ನೀವು ರೋಗಿಗೆ ಕೊಟ್ಟದ್ದು ಧೈರ್ಯ ಅಲ್ಲ, ಸಾಲ. ನಮ್ಮಲ್ಲಿ ‘ಏನೂ ಆಗಲ್ಲ, ದೇವರಿದ್ದಾನೆ’ ಅಂದರೆ ಅದನ್ನು ಯಾರೂ ವೈದ್ಯಕೀಯ ಹೇಳಿಕೆ ಅಂತ ತಗೊಳ್ಳುವುದಿಲ್ಲ. ಅಲ್ಲಿ ‘ಯು ವಿಲ್ ಬಿ ಫೈನ್’ ಅಂದರೆ ಕೆಲವರು ಅಕ್ಷರಶಃ ತಗೊಳ್ಳುತ್ತಾರೆ.

ಮೂರನೇ ಬಗೆ ‘ನಾವಿದ್ದೀವಲ್ಲ’. ಕನ್ನಡದಲ್ಲಿ ಇದಕ್ಕಿಂತ ಬೆಚ್ಚಗಿನ ಮಾತು ನನಗೆ ಗೊತ್ತಿಲ್ಲ. ಆದರೆ ನೇರವಾಗಿ ‘ವಿ ಆರ್ ದೇರ್, ನೋ?’ ಅಂದರೆ ಇಂಗ್ಲಿಷಿನವರಿಗೆ ಎಲ್ಲಿ ಅಂತ ಗೊತ್ತಾಗಲ್ಲ. ಅವರು ಇದನ್ನು ಮಾಡುವ ಕೆಲಸವಾಗಿ ಹೇಳುತ್ತಾರೆ. ‘ವಿ ವಿಲ್ ಕೀಪ್ ಎ ಕ್ಲೋಸ್ ಐ ಆನ್ ಯು’, ನಿಮ್ಮ ಮೇಲೆ ಕಣ್ಣಿಟ್ಟಿರುತ್ತೇವೆ. ‘ಯು ಆರ್ ಇನ್ ಗುಡ್ ಹ್ಯಾಂಡ್ಸ್’, ನೋಡಿಕೊಳ್ಳುವವರು ಒಳ್ಳೆಯವರು. ‘ಲೀವ್ ಇಟ್ ವಿತ್ ಮಿ’, ಅದನ್ನು ನನಗೆ ಬಿಡಿ, ನಾನು ವಿಚಾರಿಸುತ್ತೇನೆ. ಎಲ್ಲಕ್ಕಿಂತ ಒಳ್ಳೆಯದು, ‘ಪ್ರೆಸ್ ದ ಬಝರ್ ಎನಿ ಟೈಮ್, ಈವನ್ ಇಫ್ ಇಟ್ಸ್ ಜಸ್ಟ್ ಟು ಟಾಕ್.’ ಬೆಲ್ ಒತ್ತಿ, ಸುಮ್ನೆ ಮಾತಾಡೋಕಾದರೂ ಸರಿ. ಇದರಲ್ಲಿ ಚಿಂತೆ ಅನ್ನುವ ಪದವೇ ಇಲ್ಲ ನೋಡಿ.

ಸೂಜಿ ಚುಚ್ಚುವಾಗಿನ ಮಾತು ಇನ್ನೂ ಸ್ವಾರಸ್ಯ. ನಾವು ‘ಇರುವೆ ಕಚ್ಚಿದ ಹಾಗೆ ಅಷ್ಟೇ’ ಅನ್ನುತ್ತೇವೆ. ಬ್ರಿಟಿಷ್ ಆಸ್ಪತ್ರೆಯಲ್ಲಿ ‘ಶಾರ್ಪ್ ಸ್ಕ್ರಾಚ್’ ಅನ್ನುತ್ತಾರೆ, ಚುರುಕಾಗಿ ಗೀರಿದ ಹಾಗಾಗುತ್ತದೆ ಅಂತ. ಎರಡೂ ನೋವಿಲ್ಲ ಅನ್ನುವುದಿಲ್ಲ. ಎಷ್ಟು ಅಂತ ಹೇಳುತ್ತವೆ. ಅಲ್ಲಿ ಹೋಗಿ ‘ಲೈಕ್ ಆನ್ ಆಂಟ್ ಬೈಟ್’ ಅನ್ನಬೇಡಿ, ಎಷ್ಟೋ ಜನ ಕಚ್ಚುವ ಇರುವೆಯನ್ನು ಕಂಡೇ ಇರುವುದಿಲ್ಲ.

ಬಿಡಬೇಕಾದ ಮಾತುಗಳೂ ಇವೆ. ‘ಡೋಂಟ್ ಟೇಕ್ ಟೆನ್ಶನ್’ ನಮ್ಮದು, ಹಿಂದಿ-ಕನ್ನಡದ ‘ಟೆನ್ಶನ್ ತಗೋಬೇಡಿ’. ಬೆಂಗಳೂರಿನಲ್ಲಿ ಮುತ್ತಿನಂಥ ಮಾತು, ಬರ್ಮಿಂಗ್‌ಹ್ಯಾಮಿನಲ್ಲಿ ಅರ್ಥವಾಗದು. ‘ಕಾಮ್ ಡೌನ್’ ಯಾರನ್ನಾದರೂ ಶಾಂತ ಮಾಡಿದ್ದನ್ನು ನಾನು ನೋಡಿಲ್ಲ. ಬದಲಿಗೆ ‘ಟೇಕ್ ಯುವರ್ ಟೈಮ್’ ಅನ್ನಿ. ಅಳುತ್ತಿರುವ ದೊಡ್ಡವರಿಗೆ ‘ಡೋಂಟ್ ಕ್ರೈ’ ಅಂತಲೂ ಬೇಡ, ಅಲ್ಲಿಗೂ ‘ಟೇಕ್ ಯುವರ್ ಟೈಮ್’ ಆಗುತ್ತದೆ. ಇನ್ನೊಂದು ಹೊಂಡ ನಮ್ಮ ‘ಯೋಚನೆ’. ನಮಗೆ ಯೋಚಿಸುವುದೂ ಚಿಂತಿಸುವುದೂ ಒಂದೇ ಪದ. ‘ಯೋಚನೆ ಮಾಡ್ಬೇಡಿ’ ಅನ್ನುವ ಭರದಲ್ಲಿ ‘ಡೋಂಟ್ ಥಿಂಕ್’ ಅಂದವರನ್ನು ಕಂಡಿದ್ದೇನೆ. ಎದುರಿನವರಿಗೆ ತಲೆ ಉಪಯೋಗಿಸಬೇಡ ಅಂದ ಹಾಗೆ ಕೇಳಿಸುತ್ತದೆ.

‘ಅಶೂರ್’ ಬಗ್ಗೆ ನೀವು ಕೇಳಿಲ್ಲ, ಆದರೂ ಒಂದು ಮಾತು. ನಮ್ಮವರು ‘ಐ ಎನ್ಶೂರ್ ಯು’ ಅಂತ ಜಾಸ್ತಿ ಹೇಳುತ್ತಾರೆ. ಎನ್ಶೂರ್ ಮಾಡುವುದು ಕೆಲಸವನ್ನು, ಅಶೂರ್ ಮಾಡುವುದು ಮನುಷ್ಯರನ್ನು. ನೆನಪಿಗೆ ಬೇಕಾದರೆ ಮನೆಯ ಬೀರುವಿನಲ್ಲಿರುವ ಎಲ್‌ಐಸಿ ಬಾಂಡ್ ತೆಗೆದು ನೋಡಿ, ‘ಸಮ್ ಅಶೂರ್ಡ್’ ಅಂತ ಇರುತ್ತದೆ. ಇಷ್ಟು ಹಣ ಅಂತ ನಿಮಗೆ ಕೊಟ್ಟ ಭರವಸೆ. ಹಾಗಂತ ಹಾಸಿಗೆ ಪಕ್ಕ ನಿಂತು ‘ರೆಸ್ಟ್ ಅಶೂರ್ಡ್’ ಅನ್ನಬೇಡಿ. ಅದು ಬ್ಯಾಂಕಿನ ಪತ್ರದ ಭಾಷೆ.

ಸಾರಿ ಅನ್ನಬಹುದಾ? ಅನ್ನಬೇಕು. ನಮಗೆ ಸಾರಿ ಅಂದರೆ ತಪ್ಪೊಪ್ಪಿಗೆ, ಅದಕ್ಕೇ ಬಾಯಿ ಹಿಂಜರಿಯುತ್ತದೆ. ‘ನಾನೇನು ತಪ್ಪು ಮಾಡಿದೆ?’ ಅನ್ನಿಸುತ್ತದೆ. ಇಂಗ್ಲಿಷಿನಲ್ಲಿ ‘ಐ ಆಮ್ ಸಾರಿ ಯು ಆರ್ ಗೋಯಿಂಗ್ ತ್ರೂ ದಿಸ್’ ಅಂದರೆ ನಿಮಗೆ ಹೀಗಾಯಿತಲ್ಲ ಅಂತ ನನಗೂ ಬೇಜಾರು. ಅಯ್ಯೋ ಪಾಪ ಅನ್ನುವುದರ ಮರ್ಯಾದಸ್ಥ ರೂಪ ಅಂದುಕೊಳ್ಳಿ. ಎಷ್ಟೋ ಕಡೆ ‘ಡೋಂಟ್ ವರಿ’ ಇರುವ ಜಾಗದಲ್ಲಿ ಇದನ್ನು ಇಟ್ಟರೆ ಸಾಕು, ಮಾತು ಸರಿಹೋಗುತ್ತದೆ.

ಪರೀಕ್ಷೆಗೆ ಒಂದು ವಿಷಯ ತಲೆಯಲ್ಲಿರಲಿ. ಎದುರು ಕೂತು ರೋಗಿಯ ಪಾತ್ರ ಮಾಡುವವರು ಅಂಕ ಕೊಡುವುದಿಲ್ಲ. ರೆಕಾರ್ಡ್ ಆದ ಮಾತನ್ನು ಬೇರೆಯವರು ಆಮೇಲೆ ಕೇಳಿ ಕೊಡುತ್ತಾರೆ. ನೀವು ವಾರ್ಡಿನಲ್ಲಿ ತಲೆ ಸವರಿ, ಕೈ ಹಿಡಿದು, ಒಂದು ‘ಡೋಂಟ್ ವರಿ’ಯಲ್ಲಿ ಮುಗಿಸುವ ಕೆಲಸ ಅಲ್ಲಿ ಪೂರ್ತಿ ದನಿಯಿಂದಲೇ ಆಗಬೇಕು. ಒಂದೊಂದು ರೋಲ್‌ಪ್ಲೇಗೆ ಸುಮಾರು 5 ನಿಮಿಷ. ಅಂಕ ಬರೀ ವ್ಯಾಕರಣಕ್ಕಲ್ಲ, ರೋಗಿಯ ಜೊತೆ ಹೇಗೆ ಬೆರೆತಿರಿ, ಅವರ ಮನಸ್ಸಿನಲ್ಲಿರುವುದನ್ನು ಕೇಳಿಸಿಕೊಂಡಿರಾ ಅನ್ನುವುದಕ್ಕೂ ಇದೆ. ಹಾಗಾಗಿ ಧೈರ್ಯ ಹೇಳುವ ಮುಂಚೆ ಕೇಳಿ. ಆಪರೇಷನ್ನಿನ ಕಾರ್ಡು ಬಂತು ಅಂತಿಟ್ಟುಕೊಳ್ಳಿ:

‘ಐ ಕ್ಯಾನ್ ಸೀ ದಿಸ್ ಈಸ್ ಆನ್ ಯುವರ್ ಮೈಂಡ್. ವಾಟ್ಸ್ ವರಿಯಿಂಗ್ ಯು ಮೋಸ್ಟ್?’

ಎಷ್ಟೋ ಸಲ ಉತ್ತರ ನೀವು ಅಂದುಕೊಂಡದ್ದಾಗಿರುವುದಿಲ್ಲ. ಆಪರೇಷನ್ನಿಗೆ ಹೆದರಿದ್ದಾರೆ ಅಂದುಕೊಂಡಿರುತ್ತೀರಿ, ಅವರಿಗೆ ಭಯ ನಡುವೆ ಎಚ್ಚರ ಆಗಿಬಿಟ್ಟರೆ ಅಂತ. ಅದಕ್ಕೆ ತಕ್ಕ ಮಾತು ಬೇರೆಯೇ. ‘ಎ ಲಾಟ್ ಆಫ್ ಪೀಪಲ್ ಆಸ್ಕ್ ಮಿ ದಟ್. ದ ಅನೀಸ್ತಟಿಸ್ಟ್ ಸ್ಟೇಸ್ ವಿತ್ ಯು ದ ಹೋಲ್ ಟೈಮ್.’ ಇದು ಎಷ್ಟೋ ಜನ ಕೇಳುವ ಪ್ರಶ್ನೆ, ಅರಿವಳಿಕೆ ಡಾಕ್ಟರ್ ಪೂರ್ತಿ ಹೊತ್ತು ನಿಮ್ಮ ಜೊತೆಗೇ ಇರುತ್ತಾರೆ. ಇಷ್ಟು ಹೇಳಿ ಆದ ಮೇಲೆ ‘ಸೋ ಟ್ರೈ ನಾಟ್ ಟು ವರಿ’ ಅನ್ನಿ. ಮಾತಿಗೆ ಈಗ ಬುಡ ಬಂತು.

‘ಡೋಂಟ್ ವರಿ’ಯನ್ನು ಪೂರ್ತಿ ಬಿಟ್ಟೇಬಿಡಬೇಕಾ ಅಂತ ಕೇಳಿದರೆ, ಇಲ್ಲ. ಅಲ್ಲಿಗೆ ಹೋದ ಮೇಲೆ ನಿಮಗೇ ಯಾರಾದರೂ ಹೇಳುತ್ತಾರೆ. ಹೊಸ ಜಾಗ, ಕೈ ನಡುಗಿ ರಕ್ತನಾಳ ಸಿಗದೆ ಎರಡನೇ ಸಲ ಚುಚ್ಚಬೇಕಾಗುತ್ತದೆ, ನೀವು ಸಾರಿ ಅನ್ನುತ್ತೀರಿ. ಡರ್ಬಿ, ನಾಟಿಂಗ್‌ಹ್ಯಾಮ್ ಕಡೆಯವರಾದರೆ ‘ಡೋಂಟ್ ವರಿ, ಡಕ್’ ಅನ್ನುತ್ತಾರೆ. ಡಕ್ ಅಂದರೆ ಬಾತುಕೋಳಿ ಅಂತ ಬೇಜಾರು ಮಾಡ್ಕೋಬೇಡಿ. ಆ ಕಡೆ ಅದು ನಮ್ಮ ‘ಕಣಮ್ಮ’ ಇದ್ದ ಹಾಗೆ.